ಮೂರು ಹೆಸರಿನ ಆಟಗಾರ್ತಿ

ಮಂಜುಗಡ್ಡೆಯೆಂದರೆ ನಮ್ಮಂಥ ಬಯಲುಸೀಮೆಯವರಿಗೆ ಮದುವೆಮನೆಯ ಪಾನಕದಲ್ಲಿ ಎರಡು ನಿಮಿಷ ತೇಲಿ ಕರಗಿಹೋಗುವ ಪದಾರ್ಥ. ಅದರ ಮೇಲೆ ಉಕ್ಕಿನ ಅಲಗಿನ ಬೂಟು ತೊಟ್ಟು ಜಾರುತ್ತ, ರಬ್ಬರಿನ ಬಿಲ್ಲೆಯೊಂದನ್ನು ಕೋಲಿನಿಂದ ಅಟ್ಟಿಕೊಂಡು ಹೋಗುವ ಹೆಂಗಸೊಬ್ಬಳಲ್ಲಿ ನನಗೇಕೆ ಇಷ್ಟು ಆಸಕ್ತಿಯೆಂದು ಹಾಸ್ಟೆಲಿನ ಮಿತ್ರರು ಕೇಳುತ್ತಾರೆ. ಕೇಳಲಿ.

ಈಕೆ ಫಿನ್ಲೆಂಡಿನ ರೀಕ್ಕಾ. 1973ರಲ್ಲಿ ಯುವಾಸ್ಕುಲಾ ಎಂಬ ಊರಿನಲ್ಲಿ ಜನಿಸಿದವಳು. ಮನೆತನದ ಹೆಸರನ್ನು ಮಾತ್ರ ಒಂದೇ ಮಾತಿನಲ್ಲಿ ಹೇಳುವಂತಿಲ್ಲ. ದಾಖಲೆಗಳಲ್ಲಿ 1998ಕ್ಕೆ ನಿಯೆಮಿನೆನ್, 2018ಕ್ಕೆ ವಾಲಿಲಾ, 2019ಕ್ಕೆ ಸಲ್ಲಿನೆನ್! ಗಂಡಸಾಗಿದ್ದರೆ ಒಂದೇ ಹೆಸರಿನಲ್ಲಿ ಇಡೀ ಆಟ ಮುಗಿದುಹೋಗುತ್ತಿತ್ತು.

ಗಂಡಸರ ಐಸ್ ಹಾಕಿ ಒಲಿಂಪಿಕ್ಸಿಗೆ ಬಂದದ್ದು 1920ರಲ್ಲಿ. ಹೆಂಗಸರದು 1998ರಲ್ಲಿ, ಜಪಾನಿನ ನಾಗಾನೋ ನಗರದಲ್ಲಿ. ಆ ಮೊದಲ ಕೂಟದಲ್ಲಿ ಚಿನ್ನ ಅಮೆರಿಕಕ್ಕೆ, ಬೆಳ್ಳಿ ಕೆನಡಾಕ್ಕೆ ಹೋಯಿತು. ಆದರೆ ಎಲ್ಲರಿಗಿಂತ ಹೆಚ್ಚು ಅಂಕ ಗಳಿಸಿದವಳು ಕಂಚು ಗೆದ್ದ ಫಿನ್ಲೆಂಡಿನ ರೀಕ್ಕಾ: ಆರು ಆಟಗಳಲ್ಲಿ ತಾನೇ ಹೊಡೆದ ಗೋಲು 7, ಇತರರಿಗೆ ಒದಗಿಸಿಕೊಟ್ಟದ್ದು 5.

2002ರ ಒಲಿಂಪಿಕ್ಸಿನಲ್ಲಿ ತಂಡ ನಾಲ್ಕನೆಯದಾಯಿತು. ಮರುವರ್ಷ ಈಕೆ ಆಟ ಬಿಟ್ಟಳು. ಸಂಸಾರ, ಮೂವರು ಮಕ್ಕಳು. ಇಲ್ಲಿಯತನಕದ ಕಥೆ ನಮಗೇನೂ ಹೊಸದಲ್ಲ. ನಮ್ಮ ಸೋದರತ್ತೆ ಹೈಸ್ಕೂಲಿನಲ್ಲಿ ಥ್ರೋಬಾಲ್ ಆಡಿ ಗೆದ್ದ ಬೆಳ್ಳಿಬಣ್ಣದ ಬಟ್ಟಲು ಇಂದು ದೇವರ ಮನೆಯಲ್ಲಿ ಕುಂಕುಮ ತುಂಬಿಕೊಂಡು ಕೂತಿದೆ. ಅತ್ತೆಯೂ ಅದರ ಮಾತೆತ್ತುವುದಿಲ್ಲ, ನಾವೂ ಕೇಳುವುದಿಲ್ಲ. 2010ರಲ್ಲಿ ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟವು ರೀಕ್ಕಾಳನ್ನು ತನ್ನ ಕೀರ್ತಿಶಾಲಿಗಳ ಪಟ್ಟಿಗೆ ಸೇರಿಸಿತು. ಯೂರೋಪಿನ ಹೆಂಗಸರಲ್ಲಿ ಈಕೆಯೇ ಮೊದಲಿಗಳು. ಅಂಥ ಗೌರವ ಸಾಮಾನ್ಯವಾಗಿ ಆಟ ಮುಗಿಸಿದವರಿಗೆ ಹೊದಿಸುವ ಶಾಲು.

ಶಾಲು ಹೊದ್ದು ಮೂರು ವರ್ಷವಾದ ಮೇಲೆ, 2013ರಲ್ಲಿ, ಈಕೆ ಮತ್ತೆ ಕೋಲು ಹಿಡಿದಳು! ವಯಸ್ಸು ನಲವತ್ತು. 2014ರ ಸೋಚಿ ಒಲಿಂಪಿಕ್ಸಿನಲ್ಲಿ ಐದನೆಯ ಸ್ಥಾನ, ಪದಕವಿಲ್ಲ. ಬಿಡಲಿಲ್ಲ. 2018ರಲ್ಲಿ ಕೊರಿಯಾದ ಪ್ಯೊಂಗ್‌ಚಾಂಗ್‌ನಲ್ಲಿ ರಷ್ಯದವರನ್ನು 3–2ರಿಂದ ಸೋಲಿಸಿ ಕಂಚು. ನಾಗಾನೋ ಕಳೆದು ಸರಿಯಾಗಿ ಇಪ್ಪತ್ತು ವರ್ಷ, ಈಕೆಗೆ ನಲವತ್ತನಾಲ್ಕು. ಅಂದು ಗೋಲು ಹೊಡೆದವರಲ್ಲಿ ಪೆಟ್ರಾ ನಿಯೆಮಿನೆನ್ ಎಂಬ ಹುಡುಗಿಯೊಬ್ಬಳಿದ್ದಳು. ನಿಯೆಮಿನೆನ್ ಎಂಬುದು ಆ ನಾಡಿನಲ್ಲಿ ನಮ್ಮ ಗೌಡ, ಪಾಟೀಲರಂತೆ ಬಹು ಬಳಕೆಯ ಹೆಸರು. ರೀಕ್ಕಾ ಅದೇ ಹೆಸರಿನಿಂದ ನಾಗಾನೋದಲ್ಲಿ ಆಡಿದಾಗ ಈ ಪೆಟ್ರಾ ಇನ್ನೂ ಹುಟ್ಟಿರಲಿಲ್ಲ.

2019ರ ಏಪ್ರಿಲಿನಲ್ಲಿ ವಿಶ್ವಕೂಟ ಫಿನ್ಲೆಂಡಿನ ಎಸ್ಪೋ ನಗರದಲ್ಲೇ ನಡೆಯಿತು. ಕೆನಡಾವನ್ನು 4–2ರಿಂದ ಮಣಿಸಿ ಫಿನ್ಲೆಂಡ್ ಅಂತಿಮ ಪಂದ್ಯಕ್ಕೆ ಬಂತು. ಅಮೆರಿಕ, ಕೆನಡಾಗಳಲ್ಲದೆ ಇನ್ನೊಂದು ದೇಶ ಅಲ್ಲಿಗೆ ಬಂದದ್ದು ಅದೇ ಮೊದಲು. ಅಮೆರಿಕದೊಡನೆ 1–1 ಸಮ. ಹೆಚ್ಚಿನ ಅವಧಿಯಲ್ಲಿ ಅದೇ ಪೆಟ್ರಾ ಗೋಲು ಹೊಡೆದಳು. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಆಮೇಲೆ ತೀರ್ಪುಗಾರರು ವೀಡಿಯೊ ನೋಡಿ, ಗೋಲಿಗೆ ಮುನ್ನ ಎದುರು ಗೋಲ್‌ಕೀಪರಿಗೆ ಅಡ್ಡಿಯಾಯಿತೆಂದು ಗೋಲನ್ನು ರದ್ದುಮಾಡಿದರು. ಆ ದೃಶ್ಯವನ್ನು ಎಷ್ಟು ಸಲ ನೋಡಿದರೂ ನನಗೆ ಆ ತೀರ್ಪು ಒಪ್ಪಿಗೆಯಾಗಿಲ್ಲ. ನನ್ನನ್ನು ಯಾರೂ ಪಂಚಾಯಿತಿಗೆ ಕರೆದಿರಲಿಲ್ಲ, ಆ ಮಾತು ಬೇರೆ. ಕೊನೆಗೆ ಒಬ್ಬೊಬ್ಬರಾಗಿ ಗೋಲಿನೆದುರು ಹೊಡೆಯುವ ಸರದಿಯಲ್ಲಿ ಅಮೆರಿಕ ಗೆದ್ದಿತು.

ರೀಕ್ಕಾಳ ಕೊರಳಿಗೆ ಬೆಳ್ಳಿ ಬಂತು. ಆ ವರ್ಷವೇ, ಸಲ್ಲಿನೆನ್ ಎಂಬ ಹೆಸರಿನಲ್ಲಿ, ಎರಡನೆಯ ಬಾರಿ ಆಟ ಬಿಟ್ಟಳು.