ಮಾವಾ, ನಂಗೇನು ತಂದಿದೀಯ?

ಮಂಡಿಕಲ್ಲಿನಲ್ಲಿರುವ ನಮ್ಮ ಸೋದರಮಾವನ ಮನೆಯ ಅಟ್ಟದ ಮೇಲೆ ಹಳದಿ ಬಣ್ಣದ ಒಂದು ತಗಡಿನ ಡಬ್ಬವಿದೆ. ಅದರ ಮೇಲಿನ ‘ನಿಡೋ’ ಎಂಬ ಹೆಸರು ಅರ್ಧ ಅಳಿಸಿಹೋಗಿದೆ. ಒಳಗೆ ಬೂದಿ ಬೆರೆಸಿಟ್ಟ ಅವರೆ ಬೀಜ. ಈ ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋಗಿದ್ದಾಗ ಎಂಟನೇ ಕ್ಲಾಸಿನ ನನ್ನ ಮಗಳು, “ಅಮ್ಮಾ, ಈ ತುಕ್ಕು ಡಬ್ಬ ಗುಜರಿಗೆ ಹಾಕಬಾರದಾ?” ಎಂದಳು. ಮಾವ ನನ್ನ ಮುಖ ನೋಡಿ ನಕ್ಕರು. ಆ ನಗುವಿನ ಕಥೆ ಹೇಳಬೇಕೆಂದರೆ 1990ಕ್ಕೆ ಹೋಗಬೇಕು.

ಆಗ ನನಗೆ ಒಂಬತ್ತು ವರ್ಷ. ನಾನು, ನನ್ನ ತಂಗಿ ಅಜ್ಜಿಯ ಮನೆಯಲ್ಲೇ ಬೆಳೆಯುತ್ತಿದ್ದೆವು. ಚಿಕ್ಕಬಳ್ಳಾಪುರ ಇನ್ನೂ ಜಿಲ್ಲೆಯಾಗಿರಲಿಲ್ಲ, ನಾವು ಕೋಲಾರ ಜಿಲ್ಲೆಯವರು. ನಮ್ಮ ಕಡೆ ಹೊಳೆಯಿಲ್ಲ. ಕೆರೆ ತುಂಬಿದರೆ ಬೆಳೆ, ಇಲ್ಲದಿದ್ದರೆ ಸಾಲ. ಅಂಥ ಒಂದು ಸಾಲದ ವರ್ಷದಲ್ಲಿ ಮಾವ ಲಾರಿ ಓಡಿಸುವ ಕೆಲಸ ಹಿಡಿದು ಕುವೈತಿಗೆ ಹೋಗಿದ್ದರು. ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು. ಬಸ್ಸಿನ ಟಾಪಿನಿಂದ ಹಗ್ಗ ಸುತ್ತಿದ ಎರಡು ಸೂಟ್‌ಕೇಸು ಇಳಿಯುವ ಹೊತ್ತಿಗೆ ಅರ್ಧ ಊರು ಅಲ್ಲಿರುತ್ತಿತ್ತು. ನಾನು ಎಲ್ಲರಿಗಿಂತ ಮುಂದೆ ನುಗ್ಗಿ ಕೇಳುತ್ತಿದ್ದುದು ಒಂದೇ ಮಾತು: “ಮಾವಾ, ನಂಗೇನು ತಂದಿದೀಯ?”

ಆ ಸೂಟ್‌ಕೇಸಿನ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ಸೋಪು, ಪೌಡರು, ಖರ್ಜೂರ, ಹೊಸ ಪ್ಲಾಸ್ಟಿಕ್ಕು, ಎಲ್ಲ ಬೆರೆತ ‘ಫಾರಿನ್’ ವಾಸನೆ. ಈಗಿನ ಮಕ್ಕಳಿಗೆ ನಗು ಬರಬಹುದು. ಆದರೆ ಆಗ ವಿದೇಶಿ ಸಾಮಾನು ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಸರ್ಕಾರ ಆಮದಿಗೆ ಬಿಗಿ ಹಾಕಿತ್ತು. ಅದು ಸಡಿಲವಾಗತೊಡಗಿದ್ದು 1991ರ ನಂತರ. ಹಾಗಾಗಿ ಒಂದು ಚಾಕೊಲೇಟನ್ನು ಚಾಕುವಿನಿಂದ ಎಂಟು ಭಾಗ ಮಾಡಿ ಹಂಚುತ್ತಿದ್ದರು. ಅದರ ಬಂಗಾರ ಬಣ್ಣದ ಕಾಗದ ನನ್ನ ಸಮಾಜ ಪುಸ್ತಕದೊಳಗೆ ನವಿಲುಗರಿಯ ಪಕ್ಕದಲ್ಲಿ ಇರುತ್ತಿತ್ತು.

ಇನ್ನು ಟ್ಯಾಂಗ್ ಎಂಬ ಕಿತ್ತಳೆ ಪುಡಿ. ಅಮೆರಿಕದಲ್ಲಿ 1957ರಲ್ಲಿ ಹುಟ್ಟಿದ ಈ ಪುಡಿಗೆ ಹೆಸರು ಬಂದದ್ದು 1962ರಲ್ಲಿ, ಜಾನ್ ಗ್ಲೆನ್ ಎಂಬ ಗಗನಯಾತ್ರಿ ಭೂಮಿ ಸುತ್ತಲು ಹೋದಾಗ ಅದನ್ನೂ ಜೊತೆಗೆ ಕೊಂಡೊಯ್ದಿದ್ದರಿಂದ. ಗಗನಯಾತ್ರಿ ಎಷ್ಟು ಪುಡಿ ಹಾಕಿಕೊಂಡನೋ, ನಮ್ಮಜ್ಜಿಯ ಲೆಕ್ಕ ಮಾತ್ರ ಒಂದು ಚಮಚಕ್ಕೆ ಒಂದು ಬಿಂದಿಗೆ ನೀರು. ಬೀದಿಯ ಮಕ್ಕಳೆಲ್ಲ ಸಾಲಾಗಿ ಕುಡಿದು, ನಾಲಿಗೆ ಚಾಚಿ ಬಣ್ಣ ಬಂತೇ ಎಂದು ನೋಡಿಕೊಳ್ಳುತ್ತಿದ್ದೆವು. ಪುಡಿ ಮುಗಿದ ಮೇಲೆ ಗಾಜಿನ ಶೀಶೆ ನಿಂಬೆ ಉಪ್ಪಿನಕಾಯಿಗೆ.

ಅಜ್ಜಿಗೆಂದೇ ಬರುತ್ತಿದ್ದುದು ಟೈಗರ್ ಬಾಮ್. ಹುಲಿ ಚಿತ್ರದ ಪುಟ್ಟ ಶೀಶೆ. ರಂಗೂನಿನಲ್ಲಿ ಔಷಧದಂಗಡಿ ಇಟ್ಟಿದ್ದ ಚೀನಾ ಮೂಲದ ಅಣ್ಣತಮ್ಮಂದಿರು ಅದನ್ನು ಸಿಂಗಪುರಕ್ಕೆ ಒಯ್ದು ಬೆಳೆಸಿದವರು. ನೋಡಿ, ಸಿಂಗಪುರದ ಮುಲಾಮು ಕುವೈತಿನ ಅಂಗಡಿಗೆ ಬಂದು, ಅಲ್ಲಿಂದ ಮಂಡಿಕಲ್ಲಿನ ಅಜ್ಜಿಯ ಮೊಣಕಾಲಿಗೆ! ಅಜ್ಜಿ ಅದನ್ನು ‘ಹುಲಿ ಮುಲಾಮು’ ಎನ್ನುತ್ತಿದ್ದಳು. ನೋವು ಹೆಚ್ಚಿದ್ದ ದಿನ ಮಾತ್ರ ಬೆರಳ ತುದಿಯಷ್ಟು.

ಮಿಕ್ಕಿದ್ದೆಲ್ಲ ಅವಳ ಟ್ರಂಕು ಸೇರುತ್ತಿತ್ತು. ಸೋಪುಗಳು ಸೀರೆಗಳ ಮಡಿಕೆಯಲ್ಲಿ, ಟವೆಲು, ಪೌಡರು ಡಬ್ಬಗಳು ತಳದಲ್ಲಿ. ಹಾಲಿನ ಪುಡಿಯ ಡಬ್ಬವಂತೂ ಸೀಲು ಕೂಡ ಒಡೆದಿರಲಿಲ್ಲ. “ಅಜ್ಜೀ, ಒಂದು ಚಮಚ ಕೊಡೇ” ಎಂದು ಬೇಡಿದರೆ, “ಬೇಕಾದಾಗ ಬೇಕಾಗುತ್ತೆ, ಸುಮ್ನಿರು” ಎನ್ನುವಳು. ಬೇಕಾಗುವುದು ಯಾವಾಗ ಎಂಬುದು ನನ್ನ ದೊಡ್ಡ ದೂರು.

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ನಮಗೆ ಗೊತ್ತಾದದ್ದು ರೇಡಿಯೋದಿಂದ. ಮಾವನ ಕಾಗದ ನಿಂತಿತು. ಅಜ್ಜಿಗೆ ಇರಾಕು ಯಾವ ದಿಕ್ಕಿಗಿದೆಯೋ ತಿಳಿಯದು, ಆದರೆ ವಾರ್ತೆಯ ಹೊತ್ತಿಗೆ ಸರಿಯಾಗಿ ರೇಡಿಯೋ ಪಕ್ಕ ಕುಳಿತಿರುತ್ತಿದ್ದಳು. ಒಂದೊಂದು ದಿನ ಅಡುಗೆಯನ್ನೂ ಮಾಡುತ್ತಿರಲಿಲ್ಲ. ರಾತ್ರಿ ಎಚ್ಚರವಾದರೆ ಅವಳು ಟ್ರಂಕಿನ ಮುಂದೆ ಕುಳಿತಿರುವುದು ಕಾಣುತ್ತಿತ್ತು. ಮುಚ್ಚಳ ತೆಗೆಯುವುದು, ವಾಸನೆ ನೋಡುವುದು, ಮುಚ್ಚುವುದು.

ಅಲ್ಲಿದ್ದ ಭಾರತೀಯರು ಬಸ್ಸು, ಲಾರಿ ಹಿಡಿದು ಇರಾಕಿನ ಬಾಗ್ದಾದ್ ಮೇಲೆ ಮರುಭೂಮಿ ದಾಟಿ ಜೋರ್ಡಾನ್ ದೇಶದ ಅಮ್ಮಾನ್ ಸೇರಿದರು. ಅಲ್ಲಿಂದ ಏರ್ ಇಂಡಿಯಾ ವಿಮಾನಗಳು ಸುಮಾರು ಎರಡು ತಿಂಗಳು ಹಗಲಿರುಳು ಹಾರಿ, ಲಕ್ಷಕ್ಕೂ ಹೆಚ್ಚು ಜನರನ್ನು ಬೊಂಬಾಯಿಗೆ ತಂದಿಳಿಸಿದವು. ಅವರಲ್ಲಿ ನಮ್ಮ ಮಾವನೂ ಒಬ್ಬರು.

ಸೆಪ್ಟೆಂಬರಿನ ಒಂದು ಸಂಜೆ ಅವರು ಬಸ್ಸಿಳಿದರು. ಟಾಪಿನ ಮೇಲೆ ಏನೂ ಇರಲಿಲ್ಲ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಗಡ್ಡ ಬೆಳೆದ ಮುಖ. ದೊಡ್ಡವರೆಲ್ಲ ಮಾತಿಲ್ಲದೆ ನಿಂತಿದ್ದಾಗ ನಾನು ಮಾತ್ರ ಓಡಿಹೋಗಿ, ಅಭ್ಯಾಸದಂತೆ ಕೇಳಿಬಿಟ್ಟೆ.

“ಮಾವಾ, ನಂಗೇನು ತಂದಿದೀಯ?”

ಅಮ್ಮ ನನ್ನ ಬೆನ್ನಿಗೆ ಒಂದು ಗುದ್ದಿದಳು. ಮಾವ ಅಂಗಿಯ ಜೇಬಿಗೆ ಕೈ ಹಾಕಿ ಒಂದು ಸಣ್ಣ ಕಾಗದದ ಪೊಟ್ಟಣ ತೆಗೆದು ನನ್ನ ಅಂಗೈಯಲ್ಲಿಟ್ಟರು. ಸಕ್ಕರೆ. ವಿಮಾನದಲ್ಲಿ ಚಹಾದ ಜೊತೆ ಕೊಡುತ್ತಾರಲ್ಲ, ಒಂದು ಚಮಚ ಸಕ್ಕರೆಯ ಪೊಟ್ಟಣ, ಅದು. ನಾನು ಕೇಳುತ್ತೇನೆಂದು ಗೊತ್ತಿದ್ದ ಮಾವ ಸಪ್ಪೆ ಚಹಾ ಕುಡಿದು ಅದನ್ನು ಜೇಬಿಗೆ ಹಾಕಿಕೊಂಡಿದ್ದರು. ಇದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆ ಹೊತ್ತಿಗೆ ನಾನೂ ತಂಗಿಯೂ ಬಾಗಿಲ ಮೂಲೆಯಲ್ಲಿ ನಿಂತು ಅದನ್ನು ನೆಕ್ಕಿ ಮುಗಿಸಿದೆವು. ಪೊಟ್ಟಣವನ್ನಾದರೂ ಇಟ್ಟುಕೊಳ್ಳಬೇಕಿತ್ತು.

ಅಜ್ಜಿ ಅಳಲಿಲ್ಲ. ಒಳಗೆ ಹೋಗಿ ಟ್ರಂಕನ್ನು ಎಳೆದು ತಂದಳು. ಸೋಪು, ಟವೆಲು, ಪೌಡರು ಒಂದೊಂದೇ ಮಗನ ಮುಂದಿಟ್ಟಳು. “ಏನೂ ಇಲ್ದೆ ಬಂದೆ ಅಂತ ತಲೆ ತಗ್ಗಿಸಬೇಡ. ನೀನು ತಂದಿದ್ದೆಲ್ಲ ಇಲ್ಲೇ ಇದೆ. ಮೊದ್ಲು ಸ್ನಾನ ಮಾಡು” ಎಂದಳು. ಆಮೇಲೆ ಆ ಹಾಲಿನ ಪುಡಿ ಡಬ್ಬದ ಸೀಲನ್ನು ಚಮಚದ ಹಿಡಿಯಿಂದ ಒಡೆದು, ಬಿಸಿನೀರಿಗೆ ಕಲಸಿ ಅವರ ಕೈಗಿತ್ತಳು. ಬೇಕಾದಾಗ ಎಂದರೆ ಅದು.

ಮಾವ ಮತ್ತೆ ಕುವೈತಿಗೆ ಹೋಗಲಿಲ್ಲ. ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳು ಸಾಕಿದರು, ಗೂಡು ಕಟ್ಟಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದರು, ಸಾಲ ನಿಧಾನಕ್ಕೆ ತೀರಿಸಿದರು. “ನಾನು ಫಾರಿನ್ ಬಿಟ್ಟರೂ ಅದು ನನ್ನ ಬಿಡಲಿಲ್ಲ ನೋಡು. ಈ ಹುಳಾನೂ ಫಾರಿನ್ದೇ” ಎಂದು ನಗುತ್ತಿದ್ದರು. ನಿಜ, ರೇಷ್ಮೆಯ ತವರು ಚೀನಾ. ಮೈಸೂರು ಸೀಮೆಗೆ ಬಂಗಾಳದಿಂದ ಹುಳು ತರಿಸಿದವನು ಟಿಪ್ಪು ಸುಲ್ತಾನ್. ನಮ್ಮ ಹೊಲದ ಆಲೂಗಡ್ಡೆ, ಟೊಮೆಟೊ, ಮೆಣಸಿನಕಾಯಿ ಅಮೆರಿಕ ಖಂಡಗಳಿಂದ ಬಂದವು. ನಮ್ಮದೇ ಎಂದುಕೊಂಡಿರುವ ರಾಗಿ ಕೂಡ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದದ್ದು. ಬಾಬಾಬುಡನ್ ಅವರು ಯೆಮೆನ್‌ನಿಂದ ಏಳು ಕಾಫಿ ಬೀಜ ತಂದರೆಂಬ ಪ್ರತೀತಿ ಎಲ್ಲರಿಗೂ ಗೊತ್ತು. ಈಗ ಹಾಗೆ ಬೀಜವನ್ನು ಜೇಬಲ್ಲಿ ಹಾಕಿಕೊಂಡು ಬರುವಂತಿಲ್ಲ. ಬೀಜದ ಜೊತೆ ಬೆಳೆಯ ರೋಗವೂ ಬರಬಹುದೆಂದು ಅನುಮತಿ ಪತ್ರ ಕೇಳುತ್ತಾರೆ.

ಈಗ ಕಾಲವೂ ತಿರುಗಿದೆ. 2008ರಲ್ಲಿ ದೇವನಹಳ್ಳಿಗೇ ವಿಮಾನ ನಿಲ್ದಾಣ ಬಂತು. ಮಾವನ ಮಗ ಅಮೆರಿಕದಿಂದ ಚಾಕೊಲೇಟು ತಂದರೆ, “ಇದು ಚಿಕ್ಕಬಳ್ಳಾಪುರದಲ್ಲೇ ಸಿಗುತ್ತೆ” ಎನ್ನುತ್ತಾಳೆ ನನ್ನ ಮಗಳು. ಅವನು ವಾಪಸು ಹೊರಡುವಾಗಲೇ ಪೆಟ್ಟಿಗೆಗೆ ಭಾರ. ರಾಗಿ ಹಿಟ್ಟು, ಹುರುಳಿ ಕಾಳು, ಸಾರಿನ ಪುಡಿ. ಮನೆಯವರೆಲ್ಲ ಸೇರಿ ತಕ್ಕಡಿಗೆ ನೇತುಹಾಕಿ, 23 ಕಿಲೋ ದಾಟಿತೆಂದು ಒಂದು ಪೊಟ್ಟಣ ತೆಗೆಯುವುದು, ಅತ್ತೆ ಅದನ್ನೇ ಮತ್ತೆ ತುರುಕುವುದು!

ಈ ಸಲ ಅವನು ಬಂದಿಳಿದಾಗ ಪಕ್ಕದ ಮನೆಯ ಪುಟ್ಟ ಹುಡುಗ ಓಡಿಬಂದು, “ನಂಗೇನು ತಂದ್ರಿ?” ಎಂದ. ಅವನಮ್ಮ ಗದರಿಸಿದಳು. ನನಗೆ ಬೆನ್ನ ಮೇಲಿನ ಹಳೆಯ ಗುದ್ದು ನೆನಪಾಯಿತು. ಜಗಲಿಯ ಮೇಲಿದ್ದ ಮಾವ, “ಕೇಳಲಿ ಬಿಡಮ್ಮ” ಎಂದರು. “ಆ ಮರಳುಗಾಡಿನಲ್ಲಿ ಬಸ್ಸಲ್ಲಿ ಕೂತಿದ್ದಾಗ, ಊರಿಗೆ ಹೋದರೆ ಇವಳು ಏನು ತಂದೆ ಅಂತ ಕೇಳ್ತಾಳಲ್ಲಾ ಅಂತಲೇ ಯೋಚನೆ. ಕೇಳೋಕೆ ಒಬ್ಬರು ಇದ್ದಾರೆ ಅಂತ ಧೈರ್ಯ ಬರ್ತಿತ್ತು.”

ಮಗಳು ಡಬ್ಬವನ್ನು ಒರೆಸಿ ಅಟ್ಟದ ಮೇಲೇ ಇಟ್ಟಳು. ಮಳೆ ಬಿದ್ದರೆ ಅವರೆ ಬಿತ್ತಬೇಕು.