ಮರುಭೂಮಿಯ ಗಾಲಿಮನೆಗಳು

ಅಮೆರಿಕೆಯ ನೈರುತ್ಯ ಮೂಲೆಯಲ್ಲಿರುವ ಅರಿಝೋನ ರಾಜ್ಯದ ಬಹುಭಾಗ ಬೆಂಗಾಡು. ಅದರ ರಾಜಧಾನಿ ಫೀನಿಕ್ಸಿನಿಂದ ಪೂರ್ವಕ್ಕೆ ಹದಿನೈದು ಮೈಲಿಯಷ್ಟು ದೂರದಲ್ಲಿ ಮೇಸಾ ಎಂಬ ಊರಿದೆ. ಈ ಊರಿನ ಮೇನ್ ಸ್ಟ್ರೀಟ್ ಹಿಂದೆ ರಾಷ್ಟ್ರೀಯ ಹೆದ್ದಾರಿಯಾಗಿತ್ತು. ಈಗ ಅದರ ಇಕ್ಕೆಲಗಳಲ್ಲಿ ಸಾಲುಸಾಲಾಗಿ ಕಾಣುವುವು ಮೊಬೈಲ್ ಹೋಮ್ ಪಾರ್ಕುಗಳು. ಪಾರ್ಕ್ ಎಂದೊಡನೆ ನಮ್ಮವರಿಗೆ ಉದ್ಯಾನವನ ನೆನಪಾದೀತು. ಇವು ಉದ್ಯಾನಗಳಲ್ಲ, ವಸತಿಗಳು. ಗೋಡೆಯೊಂದರ ಒಳಗೆ ಕಿರಿದಾದ ಬೀದಿಗಳು, ಬೀದಿಗೆ ಓರೆಯಾಗಿ ನಿಂತ ಉದ್ದನೆಯ ಪೆಟ್ಟಿಗೆಯಂಥ ಮನೆಗಳು, ಹುಲ್ಲಿನ ಬದಲು ಹಾಸಿದ ಜಲ್ಲಿಕಲ್ಲು, ಅಲ್ಲೊಂದು ಇಲ್ಲೊಂದು ಕಳ್ಳಿಗಿಡ.

2025ರ ಮೇ ತಿಂಗಳಲ್ಲಿ ನಾವು ಆ ಪ್ರಾಂತದಲ್ಲಿ ಮೂರು ವಾರ ಇದ್ದೆವು. ಮಠದ ಉಚಿತ ಪ್ರಸಾದ ನಿಲಯದಲ್ಲಿದ್ದು ಓದಿದ ನಮ್ಮ ಶಿಷ್ಯರೊಬ್ಬರು ಅಲ್ಲಿ ಎಂಜಿನಿಯರರಾಗಿದ್ದಾರೆ. ಅವರ ಆಗ್ರಹದ ಮೇರೆಗೆ ಹೋಗಿದ್ದು. ದೊಡ್ಡ ಕಣಿವೆಯನ್ನೂ ಕೆಂಪು ಬಂಡೆಗಳನ್ನೂ ಕಂಡು ಬಂದೆವು. ಅವುಗಳ ವರ್ಣನೆಯನ್ನು ಬೇರೆಯವರು ಸಾಕಷ್ಟು ಬರೆದಿದ್ದಾರೆ. ನಮ್ಮ ಮನಸ್ಸಿನಲ್ಲಿ ಉಳಿದದ್ದು ಈ ಗಾಲಿಮನೆಗಳ ಕೇರಿ.

ಹೆಸರು ಗಾಲಿಮನೆಯಾದರೂ ಇವು ಚಲಿಸುವುದಿಲ್ಲ. ಕಾರ್ಖಾನೆಯಲ್ಲಿ ತಯಾರಾಗಿ ಗಾಲಿಯ ಮೇಲೆ ಒಮ್ಮೆ ಬಂದು ನೆಲೆಗೊಂಡವು ಸಾಮಾನ್ಯವಾಗಿ ಅಲ್ಲಿಯೇ ಜೀರ್ಣವಾಗುತ್ತವೆ. ಮನೆ ವಾಸಿಸುವವನದು, ನೆಲ ಮಾತ್ರ ಪಾರ್ಕಿನ ಒಡೆಯನದು. ಆದ್ದರಿಂದ ಸ್ವಂತ ಮನೆಯಿದ್ದೂ ಪ್ರತಿ ತಿಂಗಳು ನೆಲಬಾಡಿಗೆ ತೆರಬೇಕು. ಮನೆಯನ್ನು ಬೇರೆಡೆಗೆ ಸಾಗಿಸಲು ಸಾವಿರಾರು ಡಾಲರು ವೆಚ್ಚ. ಹಳೆಯ ಮನೆಗಳನ್ನು ಬಹಳಷ್ಟು ಪಾರ್ಕುಗಳು ಒಳಗೆ ಬಿಟ್ಟುಕೊಳ್ಳುವುದೂ ಇಲ್ಲ. ಇತ್ತ ಮನೆಯೊಡೆಯನೂ ಅಲ್ಲ, ಅತ್ತ ಬಾಡಿಗೆದಾರನೂ ಅಲ್ಲ ಎಂಬ ತ್ರಿಶಂಕು ಸ್ಥಿತಿ ಇವರದು. ಇಂಥ ಮನೆಗಳ ನಿರ್ಮಾಣಕ್ಕೆ ಅಮೆರಿಕೆಯ ಕೇಂದ್ರ ಸರಕಾರದ ಕಟ್ಟಳೆ ಜಾರಿಗೆ ಬಂದದ್ದು 1976ರ ಜೂನ್ ತಿಂಗಳಲ್ಲಿ. ಅದಕ್ಕೂ ಹಿಂದಿನ ಮನೆಗಳು ಇಂದಿಗೂ ಅನೇಕ ಇವೆ. ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ತೆಳುವಾದ ಹಲಗೆ, ನಡುವೆ ಹೆಸರಿಗಷ್ಟು ಶಾಖ ತಡೆಯುವ ಹತ್ತಿ. ಬಿಸಿಲೇರಿದಂತೆ ಒಳಗಿನವರ ಸ್ಥಿತಿ ಮುಚ್ಚಿದ ಬೋಗುಣಿಯೊಳಗಿನ ಧಾನ್ಯದ್ದು.

ಆ ಬಿಸಿಲನ್ನು ಕುರಿತು ಕೊಂಚ ವಿವರವಾಗಿ ಹೇಳಬೇಕು. ಕಲಬುರಗಿ ರಾಯಚೂರುಗಳ ಬಂಧುಗಳು 43 ಡಿಗ್ರಿಯ ಬೇಸಗೆಯನ್ನು ಬಲ್ಲರು. ಆದರೆ ಅದು ಕೆಲವು ದಿನಗಳ ಮಾತು, ರಾತ್ರಿ ಮಾಳಿಗೆಯ ಮೇಲೆ ಮಲಗಿದರೆ ಗಾಳಿಯಾದರೂ ಸುಳಿಯುತ್ತದೆ. ಫೀನಿಕ್ಸಿನಲ್ಲಿ 2023ರ ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ ಉಷ್ಣತೆ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದ 43 ಡಿಗ್ರಿಯನ್ನು ಮುಟ್ಟಿತು ಇಲ್ಲವೆ ದಾಟಿತು. ಅದರಲ್ಲಿ 16 ರಾತ್ರಿಗಳು ಒಂದಾದ ಮೇಲೊಂದರಂತೆ 32 ಡಿಗ್ರಿಗಿಂತ ಕೆಳಗಿಳಿಯಲೇ ಇಲ್ಲ. ಫೀನಿಕ್ಸ್, ಮೇಸಾಗಳನ್ನೊಳಗೊಂಡ ಮೇರಿಕೋಪಾ ಕೌಂಟಿಯಲ್ಲಿ ಆ ವರ್ಷ ಸೆಕೆಯಿಂದ ಸತ್ತವರು 645 ಜನ, 2024ರಲ್ಲಿ 608. ಹೆಚ್ಚಿನವರು ಬಯಲಲ್ಲಿ ಬಿದ್ದವರೇ ಹೌದು. ಆದರೆ ತಮ್ಮ ಮನೆಯೊಳಗೆ, ತಮ್ಮ ಹಾಸಿಗೆಯ ಮೇಲೆ ಅಸುನೀಗಿದವರೂ ಇದ್ದಾರೆ, ಅವರಲ್ಲಿ ವೃದ್ಧರೇ ಅಧಿಕ. ಆ ಮನೆಗಳಲ್ಲಿ ಏರ್ ಕಂಡೀಶನರ್ ಇರಲಿಲ್ಲವೆಂದಲ್ಲ; ಬಹುತೇಕ ಕಡೆ ಇತ್ತು, ಕೆಟ್ಟು ನಿಂತಿತ್ತು. ಕೌಂಟಿಯ ಒಟ್ಟು ಮನೆಗಳಲ್ಲಿ ಗಾಲಿಮನೆಗಳು ನೂರಕ್ಕೆ ಸುಮಾರು 5 ಇದ್ದರೆ, ಮನೆಯೊಳಗಿನ ಇಂಥ ಸಾವುಗಳಲ್ಲಿ ಅವುಗಳ ಪಾಲು ವರ್ಷಕ್ಕೆ ತಕ್ಕಂತೆ ನೂರಕ್ಕೆ 20ರಿಂದ 30ರವರೆಗೆ ಎಂದು ಅರಿಝೋನ ಸ್ಟೇಟ್ ವಿಶ್ವವಿದ್ಯಾಲಯದ ವಿದ್ವಾಂಸರು ಲೆಕ್ಕ ಹಾಕಿದ್ದಾರೆ.

ಇಂಥ ಊರಿನಲ್ಲಿ ಏರ್ ಕಂಡೀಶನರನ್ನು ಬೇಡವೆನ್ನುವವರು ಯಾರು? 2024ರವರೆಗೆ ಪಾರ್ಕಿನ ನಿಯಮಾವಳಿ ಹಾಗೆನ್ನುವುದಿತ್ತು. ಮನೆ ಬೀದಿಯಿಂದ ಅಂದವಾಗಿ ಕಾಣಬೇಕು, ಆದಕಾರಣ ಕಿಟಕಿಯಲ್ಲಿ ಯಂತ್ರ ಕೂರಿಸಕೂಡದು ಎಂದಿತ್ತು. ಕೂರಿಸುವುದಾದರೆ ಹಿಂಬದಿಯಲ್ಲಿ ಮಾತ್ರ ಕೂರಿಸಬೇಕಿತ್ತು. ಕಿಟಕಿಗೆ ಬೆಳ್ಳಿಕಾಗದ ಅಂಟಿಸುವಂತಿರಲಿಲ್ಲ. ದೊಡ್ಡ ಯಂತ್ರವನ್ನು ನೆಲದ ಮೇಲೆ, ಕಾಂಕ್ರೀಟ್ ಕಟ್ಟೆಯ ಮೇಲೆ ಇಡಬೇಕಿತ್ತು, ಅದಕ್ಕೆ ಮ್ಯಾನೇಜರರ ಲಿಖಿತ ಅಪ್ಪಣೆ ಬೇಕಿತ್ತು. ನೋಟೀಸು ಕೊಟ್ಟ ಮೇಲೂ ಸರಿಪಡಿಸದಿದ್ದರೆ ಒಕ್ಕಲೆಬ್ಬಿಸಲು ಅದೇ ಕಾರಣ ಸಾಕಾಗುತ್ತಿತ್ತು. ಈ ನಿಯಮಗಳಿಗೆ ಹಿನ್ನೆಲೆ ಇಲ್ಲದಿಲ್ಲ. ಇಲ್ಲಿಯ ಬಹಳಷ್ಟು ಪಾರ್ಕುಗಳು ಉತ್ತರದ ಹಿಮಪ್ರಾಂತಗಳಿಂದ ಚಳಿಗಾಲ ಕಳೆಯಲು ಬರುವ ನಿವೃತ್ತರನ್ನು ನೆಚ್ಚಿಕೊಂಡವು. ಅವರು ಕಾರ್ತಿಕದಲ್ಲಿ ಬಂದು ಚೈತ್ರದಲ್ಲಿ ಹೊರಡುವರು; ಅವರ ಕಣ್ಣಿಗೆ ಅಂದ ಮುಖ್ಯ. ಬೇಸಗೆಯಲ್ಲಿ ಉಳಿಯುವವರು ಹೋಗಲು ಬೇರೆ ಊರಿಲ್ಲದವರು. ಚಳಿಗಾಲದವರಿಗಾಗಿ ಬರೆದ ನಿಯಮವನ್ನು ಬೇಸಗೆಯವರ ಮೇಲೆ ಹೇರಿದಂತಾಯಿತು ಎಂದು ನಮಗೆ ತೋರಿತು.

ಡೆಸರ್ಟ್ ಕೂಲರ್ ಇಲ್ಲವೇ ಎಂದು ಕೇಳಬಹುದು. ಇದೆ, ಹಳೆಯ ಮನೆಗಳ ಸೂರಿನ ಮೇಲೆ ಇಂದಿಗೂ ಕಾಣುತ್ತದೆ. ಒಣಹವೆಯ ಮೇ, ಜೂನ್ ತಿಂಗಳಲ್ಲಿ ಅದು ಕೆಲಸ ಮಾಡೀತು. ಜುಲೈಯಲ್ಲಿ ಅಲ್ಲಿಗೂ ಮಳೆಗಾಲ ಬರುತ್ತದೆ. ಅದನ್ನು ಅವರೂ ಮಾನ್ಸೂನ್ ಎಂದೇ ಕರೆಯುವುದು ನಮಗೆ ಮೋಜೆನಿಸಿತು. ಗಾಳಿಯಲ್ಲಿ ತೇವ ಹೆಚ್ಚಿದೊಡನೆ ಕೂಲರಿನಿಂದ ಬರುವುದು ಬರಿಯ ಒದ್ದೆ ಸೆಕೆ.

ಒಂದು ಮುಂಜಾನೆ ಶಿಷ್ಯರು, "ಗುರುಗಳೇ, ನಮ್ಮ ಮಕ್ಕಳಿಗೆ ಇಂಗ್ಲಿಷ್ ಓದು ಹೇಳಿಕೊಟ್ಟ ತಾಯಿಯೊಬ್ಬರಿದ್ದಾರೆ, ಕಂಡು ಬರೋಣ" ಎಂದು ನಮ್ಮನ್ನು ಅಂಥದೊಂದು ಪಾರ್ಕಿಗೆ ಕರೆದೊಯ್ದರು. ಎಂಬತ್ತರ ಸಮೀಪದ ವೃದ್ಧೆ, ಒಂಟಿ. ಹತ್ತು ಗಂಟೆಗೇ ತಗಡಿನ ಗೋಡೆ ಮುಟ್ಟಿದರೆ ಕೈ ಚುರ್ರೆನ್ನುತ್ತಿತ್ತು. ಮನೆಗೆಲ್ಲ ತಂಪು ಕೊಡುತ್ತಿದ್ದ ದೊಡ್ಡ ಯಂತ್ರ ಕೆಟ್ಟು ಎರಡು ವರ್ಷವಾಗಿತ್ತು. ಹೊಸದಕ್ಕೆ ಹಲವು ಸಾವಿರ ಡಾಲರು. ಮಗನು ಕಿಟಕಿಯಲ್ಲಿಡುವ ಸಣ್ಣ ಯಂತ್ರ ತಂದು ಮುಂಬದಿಯ ಕೋಣೆಯಲ್ಲಿ ಕೂರಿಸಿದ್ದ. ಅದು ರಸ್ತೆಗೆ ಕಾಣುತ್ತದೆಂದು 2024ರ ಬೇಸಗೆಯ ಆರಂಭದಲ್ಲಿ ನೋಟೀಸು ಬಂತು. ಆಕೆ ಅದನ್ನು ತೆಗೆಸಿ ಹಿಂದಿನ ಮಲಗುವ ಕೋಣೆಗೆ ಹಾಕಿಸಿ, ಇಡೀ ಬೇಸಗೆ ಆ ಒಂದೇ ಕೋಣೆಯಲ್ಲಿ ಕಳೆದರಂತೆ. ಅಡುಗೆಮನೆಗೆ ಹೋಗುವುದು ಬೆಳಗಿನ ಜಾವ ಒಮ್ಮೆ, ಅಷ್ಟೆ. ನಮಗೆ ತಣ್ಣನೆಯ ನಿಂಬೆ ಪಾನಕ ಕೊಟ್ಟು ಇದನ್ನೆಲ್ಲ ನಗುತ್ತಲೇ ಹೇಳಿದರು.

ಶಿಷ್ಯರು ತಂದಿದ್ದು ಒಂದು ಕಾಗದ. 2024ರಲ್ಲಿ ಅರಿಝೋನದ ಶಾಸನಸಭೆ ಎರಡೂ ಪಕ್ಷಗಳ ಸಮ್ಮತಿಯಿಂದ 2146ನೆಯ ಸಂಖ್ಯೆಯ ಮಸೂದೆಯನ್ನು ಅಂಗೀಕರಿಸಿ, ಗವರ್ನರ್ ಕೇಟಿ ಹಾಬ್ಸ್ ಅಂಕಿತ ಹಾಕಿ, ಆ ವರ್ಷದ ಸೆಪ್ಟೆಂಬರಿನಲ್ಲಿ ಅದು ಜಾರಿಗೆ ಬಂದಿದೆ. ಸೆಕೆಯಿಂದ ಬರುವ ರೋಗವನ್ನೂ ಸಾವನ್ನೂ ತಡೆಯಲು ಅಗತ್ಯವಾದ ತಂಪಿನ ಸಾಧನಗಳನ್ನು, ಎಂದರೆ ಕಿಟಕಿಯ ಏರ್ ಕಂಡೀಶನರ್, ಪರದೆ, ನೆರಳಿನ ಚಪ್ಪರ ಮೊದಲಾದವನ್ನು, ಹಾಕಿಕೊಳ್ಳುವುದನ್ನು ಪಾರ್ಕಿನ ಒಡೆಯನು ನಿಷೇಧಿಸಕೂಡದೆಂಬುದು ಅದರ ಸಾರ. ಅಂದಕ್ಕೆ ಕುಂದೆಂಬ ಕಾರಣ ಇನ್ನು ನಡೆಯದು. ವಿನಾಯಿತಿಗಳಿವೆ: ಕಟ್ಟಡ ನಿಯಮಕ್ಕೆ ವಿರುದ್ಧವಾದರೆ, ತಯಾರಕರ ಸುರಕ್ಷತಾ ಸೂಚನೆಗೆ ವಿರುದ್ಧವಾದರೆ, ಮನೆಗೆ ಹಾನಿಯಾದರೆ, ಅಥವಾ ಆ ಮನೆಗೆ ಬರುವ ವಿದ್ಯುತ್ತಿನ ಶಕ್ತಿಗೆ ಮೀರಿದ್ದಾದರೆ ಒಡೆಯನು ಬೇಡವೆನ್ನಬಹುದು.

ಕಾಗದವನ್ನು ಓದಿ ವೃದ್ಧೆಯ ಮುಖ ಅರಳಲಿಲ್ಲ. "ಕಾನೂನು ನನ್ನ ಕಡೆಗಿದೆ, ಒಪ್ಪಿದೆ. ಆದರೆ ನೆಲ ಅವರದು. ಮುಂದಿನ ವರ್ಷ ಬಾಡಿಗೆ ಏರಿಸುವವರೂ ಅವರೇ" ಎಂದರು. ಒಕ್ಕಲುತನದ ಮಾತು ಎಲ್ಲ ದೇಶದಲ್ಲಿಯೂ ಒಂದೇ! ನಮ್ಮ ಹಳ್ಳಿಗಳಲ್ಲಿ ಗೇಣಿದಾರರು ಕಾನೂನಿನ ಪುಸ್ತಕ ಕೈಯಲ್ಲಿದ್ದೂ ಗೌಡರ ಮನೆಯ ಮೆಟ್ಟಿಲೇರಲು ಅಳುಕುತ್ತಿದ್ದುದನ್ನು ನಾವು ಕಂಡವರು.

ಶಿಷ್ಯರು ಬಿಡುವ ಜಾಯಮಾನದವರಲ್ಲ. ಮನೆಯ ಹೊರಗೆ ಕಂಬದಲ್ಲಿದ್ದ ವಿದ್ಯುತ್ ಪೆಟ್ಟಿಗೆಯನ್ನು ತೆರೆದು ನೋಡಿದರು. 50 ಆಂಪಿಯರಿನ ಹಳೆಯ ಸಂಪರ್ಕ. ಹಲವು ದಶಕಗಳ ಹಿಂದೆ ಪಾರ್ಕು ಹಾಕಿದಾಗ ಒಂದು ದೀಪ, ಒಂದು ಕೂಲರ್, ಒಂದು ರೆಫ್ರಿಜರೇಟರಿಗೆಂದು ಎಳೆದ ತಂತಿ. ಎರಡು ಕಿಟಕಿ ಯಂತ್ರಗಳನ್ನು ಅದು ತಡೆದೀತು, ವಿದ್ಯುತ್ ಒಲೆಯೂ ಜೊತೆಗೆ ಉರಿದರೆ ಕಷ್ಟ ಎಂದು ಅವರ ಎಣಿಕೆ. ಇಲ್ಲಿಯೇ ತೊಡಕು. ಸಂಪರ್ಕದ ಶಕ್ತಿ ಸಾಲದಿದ್ದರೆ ಬೇಡವೆನ್ನಲು ಕಾನೂನೇ ದಾರಿ ಕೊಟ್ಟಿದೆ. ಬೆಂಕಿಯ ಭಯವಿರುವುದರಿಂದ ಅದು ತಪ್ಪೆನ್ನಲೂ ಆಗದು. ಆದರೆ ಕಂಬದವರೆಗಿನ ತಂತಿ ಪಾರ್ಕಿನದು, ಅದನ್ನು ಬದಲಿಸುವವರೂ ಪಾರ್ಕಿನವರೇ ಆಗಬೇಕು.

ಕೊನೆಗೆ ಅನುಮತಿ ಕೋರಿ ಅಲ್ಲ, ತಿಳಿವಳಿಕೆಗಾಗಿ ಎಂಬ ಒಕ್ಕಣೆಯಿಂದ ಒಂದು ಪತ್ರ ಸಿದ್ಧವಾಯಿತು. ಲೈಸೆನ್ಸುಳ್ಳ ಎಲೆಕ್ಟ್ರಿಶಿಯನ್ ಒಬ್ಬರ ತಪಾಸಣೆಯ ವರದಿಯನ್ನು ಲಗತ್ತಿಸುವುದೆಂದಾಯಿತು. ವೃದ್ಧೆ ಸಹಿ ಹಾಕುವ ಮೊದಲು ಪತ್ರವನ್ನು ಮೂರು ಸಲ ಓದಿದರು. ಆ ವಾರವೇ ಮುಂಬದಿಯ ಕಿಟಕಿಯಲ್ಲಿ ಯಂತ್ರ ಕೂತಿತು. ನಾವು ಊರಿಗೆ ಹೊರಡುವ ದಿನ ಹೊರಗೆ 41 ಡಿಗ್ರಿಯಿತ್ತು. ಪಾರ್ಕಿನ ಕಚೇರಿಯಿಂದ ಉತ್ತರ ಇನ್ನೂ ಬಂದಿರಲಿಲ್ಲ. ಆಕೆ ಅಡುಗೆಮನೆಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದರೆಂದು ಶಿಷ್ಯರು ವಿಮಾನ ನಿಲ್ದಾಣದಲ್ಲಿ ತಿಳಿಸಿದರು.