ಕುಂಬು ಮರದ ಮೇಲೆ ಜೀವ

"ಅಣ್ಣಾ, ಮಿಷನ್ ಬಂದ್ ಮಾಡಿ!"

ಗಂಟಲು ಹರಿಯುವಂತೆ ಕೂಗಿದೆ. 30 ಅಡಿ ಮೇಲೆ ಮಾವಿನ ಕವಲಿಗೆ ಸೊಂಟ ಬಿಗಿದುಕೊಂಡು ನಿಂತವರಿಗೆ ಗರಗಸದ ಅಬ್ಬರದಲ್ಲಿ ಏನೂ ಕೇಳಲಿಲ್ಲ.

ಕಲ್ಯಾಣಪುರ, ಸ್ವರ್ಣಾ ನದಿಗೆ ಹತ್ತಿರದ ಹಿತ್ತಲು. ಮೃಗಶಿರ ಮಳೆ ಹೊಳವು ಕೊಟ್ಟಿತ್ತು. ಹಂಚಿನ ಮಾಡಿನ ಕಡೆ ವಾಲಿದ ಮರವನ್ನು ಗೆಲ್ಲು ಗೆಲ್ಲಾಗಿ ಇಳಿಸುತ್ತಿದ್ದೆವು. ಗೆಲ್ಲು ಬೀಳಿಸಲು ಜಾಗ ಬೇಕೆಂದು ಬುಡದ ಸೌದೆ ರಾಶಿ ಸರಿಸಿದರೆ, ಅಲ್ಲಿತ್ತು! ಅಂಗೈಯಗಲದ ಅಣಬೆ. ವಾರ್ನಿಶ್ ಬಳಿದಂಥ ಕಂದು ಮೈ, ಬಿಳಿ ಅಂಚು, ಸುತ್ತ ಕಂದು ಪುಡಿ. ಗ್ಯಾನೋಡರ್ಮಾ.

ಕೊಡಲಿಯ ಹಿಂಬದಿಯಿಂದ ಬಡಿದೆ. ಟಣ್ ಎನ್ನಬೇಕಾದ ಮರ ಡೊಬ್ ಎಂದಿತು. ಕಬ್ಬಿಣದ ಸರಳು ಒತ್ತಿದೆ. ಒಂದು ಮೊಳ ತಡೆಯಿಲ್ಲದೆ ಒಳಹೋಯಿತು. ಎಳೆದರೆ ತುದಿಯಲ್ಲಿ ಒದ್ದೆಯಾದ ಬೆಳ್ಳಗಿನ ನಾರು. ಕುಂಬು! ಮರಕ್ಕೆ ಗಡಸು ಕೊಡುವ ಲಿಗ್ನಿನ್ನನ್ನೇ ಈ ಶಿಲೀಂಧ್ರ ತಿನ್ನುತ್ತದೆ. ತೊಗಟೆಯಡಿಯ ಹಸಿ ಪದರ ಮಾತ್ರ ನೀರೇರಿಸುತ್ತಲೇ ಇರುತ್ತದೆ, ಮೇಲೆ ಎಲೆಗಳು ಹಸಿರಾಗಿಯೇ ಇರುತ್ತವೆ. ಎಲೆ ನೋಡಿ ಮರ ಹತ್ತುವವರು ಮೋಸಹೋಗುವುದು ಇಲ್ಲೇ.

ಕೈಬೀಸಿದೆ. ಅಣ್ಣ ಕಂಡರು, ಗರಗಸ ನಿಂತಿತು. ನಿಂತದ್ದೇ ತಡ, ಬುಡದಲ್ಲಿ ಚಟಚಟ ಸದ್ದು.

ಅವರ ಹಗ್ಗವಿದ್ದದ್ದು ಅದೇ ಮರಕ್ಕೆ. ಜಾರಿ ಇಳಿದರೂ ಕುಲುಕು ಆ ಬುಡಕ್ಕೇ. ಬೇರೆ ಮರ ಬೇಕು, ಈಗಲೇ ಬೇಕು. ಎಡಕ್ಕೆ ತೆಂಗು. ಅದರ ಬುಡದಲ್ಲೋ ತುಕ್ಕು ಬಣ್ಣದ ರಸ ಒಸರಿ ಒಣಗಿದೆ! ಅದೂ ಗ್ಯಾನೋಡರ್ಮಾದ್ದೇ ಕೆಲಸ. 1952ರ ಚಂಡಮಾರುತದ ಬೆನ್ನಿಗೆ ತಂಜಾವೂರಿನ ತೆಂಗಿನ ತೋಟಗಳಲ್ಲಿ ಕಂಡ ರೋಗ ಇದೇ. ಮಣ್ಣಿನಲ್ಲಿ, ಬೇರಿನಿಂದ ಬೇರಿಗೆ ಹಬ್ಬುತ್ತದೆ. ಬಲಕ್ಕೆ ಹಲಸು. ಓಡಿ ಬಡಿದೆ. ಟಣ್!

ನಮ್ಮ ಹುಡುಗ ಹಲಸು ಹತ್ತಿ, ದಪ್ಪ ಕವಲಿಗೆ ಹಗ್ಗ ಸುತ್ತಿ ತುದಿ ಎಸೆದ. ಕೋಡಿಬೇಂಗ್ರೆ ಕಡೆಯ ಗಾಳಿ ಅದನ್ನು ಆಚೆ ತಳ್ಳಿತು. ಮಾವು ಒಂದು ಗೇಣು ವಾಲಿತು. ಮತ್ತೆ ಎಸೆದ. ಸಿಕ್ಕಿತು!

"ಕಟ್ಟಿಕೊಳ್ಳಿ! ಹಳೇ ಹಗ್ಗ ಕಡಿಯಿರಿ!"

ಕತ್ತಿಯ ಒಂದೇ ಏಟು. ಅಣ್ಣ ಗಾಳಿಯಲ್ಲಿ ತೂಗಿ ಬಂದು ಹಲಸಿನ ಕಾಂಡಕ್ಕೆ ಭುಜ ಬಡಿಸಿಕೊಂಡರು. ಹಿಂದೆಯೇ ಮಾವು ಬುಡ ಮುರಿದು ಉರುಳಿತು. ಮಾಡಿನ ಮೂಲೆಯ ಹಂಚು ಪುಡಿಪುಡಿ. ಮನೆಯವರನ್ನು ಬೆಳಿಗ್ಗೆಯೇ ಹೊರಗೆ ಕಳಿಸಿದ್ದು ಪುಣ್ಯ.

ಮುರಿದ ಬುಡದಲ್ಲಿ ಗಟ್ಟಿ ಮರವೆಂದರೆ ಅಂಚಿನ ಎರಡು ಬೆರಳು ದಪ್ಪ ಮಾತ್ರ. ಅಣ್ಣ ಒಳಗಿನ ನಾರು ಕಿತ್ತು ಹಿಂಡಿದರು, ನೀರು ಸುರಿಯಿತು.

"ಆ ತೆಂಗು ಯಾರು ಹತ್ತುವುದು ಮಾರಾಯ?"

"ಯಾರೂ ಬೇಡ ಅಣ್ಣ. ನಾಳೆ ಕ್ರೇನ್ ತರಿಸುವ."